ತಮ್ಮನ ನೌಕರಿ, ಅಣ್ಣನ ಕೋವಿ

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯುವ ಕಾಲದಲ್ಲಿ ಒಂದು ಅನುಕೂಲವಿತ್ತು. ಲಾಂಚು ಆಚೆ ದಡ ಬಿಟ್ಟು ಈಚೆ ದಡ ಮುಟ್ಟುವಷ್ಟರಲ್ಲಿ ಊರಿನ ಯಾವ ವಿಷಯವನ್ನಾದರೂ ತೀರ್ಮಾನ ಮಾಡಿ ಮುಗಿಸಬಹುದಿತ್ತು. ಯಾರ ಮಗಳಿಗೆ ಎಲ್ಲಿಯ ಸಂಬಂಧ, ಅಡಿಕೆ ಧಾರಣೆ ಏರುತ್ತದೋ ಇಳಿಯುತ್ತದೋ, ಸೇತುವೆ ನಮ್ಮ ಜನ್ಮದಲ್ಲಿ ಆಗುತ್ತದೋ ಇಲ್ಲವೋ. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಆ ಸೇತುವೆ ಉದ್ಘಾಟನೆಯೂ ಆಯಿತು. ಈಗ ಬಸ್ಸು ನಿಲ್ಲದೆ ದಾಟುತ್ತದೆ, ಹರಟೆಗೆ ಪುರುಸೊತ್ತಿಲ್ಲ. ಆದರೆ ಆ ದಡದಲ್ಲಿ ಆದ ತೀರ್ಮಾನಗಳು ಮಾತ್ರ ಇನ್ನೂ ಚಾಲ್ತಿಯಲ್ಲಿವೆ. ಅವುಗಳಲ್ಲಿ ಒಂದರ ಜೊತೆ ನನಗೆ ಬಹಳ ದಿನದ ಜಗಳವಿದೆ: "ಸರ್ಕಾರಿ ನೌಕರಿ ಇದ್ದವನಿಗೆ ಕೋವಿ ಲೈಸೆನ್ಸು ಬೇಗ ಆಗ್ತದೆ."

ಸಾಗರದಲ್ಲಿ ಇದನ್ನು ಒಂದು ರೀತಿ ಹೇಳುತ್ತಾರೆ, ಹೊಸನಗರದಲ್ಲಿ ಇನ್ನೊಂದು ರೀತಿ, ತೀರ್ಥಹಳ್ಳಿಯಲ್ಲಿ ಸ್ವಲ್ಪ ಗತ್ತಿನಿಂದ. ಅರ್ಥ ಒಂದೇ. ನೌಕರಿ ಅಂದರೆ ಅರ್ಧ ಲೈಸೆನ್ಸು. ಉಳಿದರ್ಧಕ್ಕೆ ಸ್ಯಾಲರಿ ಸರ್ಟಿಫಿಕೇಟು. ಮೂವತ್ತು ವರ್ಷ ಸರ್ಕಾರಿ ಶಾಲೆಯ ಸಂಬಳ ಉಂಡವನು ನಾನು. ಈ ನಂಬಿಕೆಯಿಂದ ನನಗೆ ನಷ್ಟವೇನೂ ಇರಲಿಲ್ಲ, ಬೇಕಾದರೆ ಲಾಭವೇ ಆಗಬಹುದಿತ್ತು. ಆದರೂ ಅದು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರುತ್ತಿದ್ದೆ, ಅದು ಮನೆಗಳನ್ನು ಕೆಡಿಸುವ ಸುಳ್ಳು.

ಮೂರು ಮಳೆಗಾಲದ ಹಿಂದೆ ಇಬ್ಬರು ಅಣ್ಣತಮ್ಮಂದಿರು ಮನೆಗೆ ಬಂದರು. ಅಣ್ಣ ಹಿನ್ನೀರಿನಾಚೆ ಒಂದೂವರೆ ಎಕರೆ ಅಡಿಕೆ ತೋಟ, ಅಷ್ಟೇ ಗದ್ದೆ ನೋಡಿಕೊಂಡಿರುವವನು. ತಮ್ಮ ಶಿವಮೊಗ್ಗದಲ್ಲಿ ಗುಮಾಸ್ತ. ಇಬ್ಬರೂ ನನ್ನ ಶಾಲೆಯಲ್ಲೇ ಓದಿದವರು, ಹಾಗಾಗಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ. ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಎಳೆಗಾಯಿ ಉದುರಿಸಿ ನೆಲವೆಲ್ಲ ಹಸಿರು ಹಾಸಿ ಹೋಗುತ್ತವೆ. ಒಂದು ಕೇಪಿನ ಕೋವಿಯಾದರೂ ಬೇಕು, ಹೊಡೆಯಲಿಕ್ಕಲ್ಲ, ರಾತ್ರಿ ಎರಡು ಈಡು ಮೇಲಕ್ಕೆ ಹಾರಿಸಿದರೆ ಸಾಕು ಎಂದು ಅಣ್ಣ. ಅರ್ಜಿ ಯಾರ ಹೆಸರಿನಲ್ಲಿ ಅಂದೆ. "ತಮ್ಮನ ಹೆಸರಲ್ಲೇ ಬರೀರಿ ಮೇಷ್ಟ್ರೇ, ಅವನು ನೌಕರಿಯಲ್ಲಿದಾನಲ್ಲ" ಎಂದ. ತೋಟ ಕಾಯುವವನು ನೀನಲ್ಲವೇನಯ್ಯಾ ಅಂದರೆ, "ಕಾಯೋದು ನಾನೇ. ಲೈಸೆನ್ಸು ಅವನದ್ದಾದ್ರೆ ಡಿಸಿ ಆಫೀಸಲ್ಲಿ ಬೇಗ ದಾಟ್ತದೆ."

ನಾನು ಒಪ್ಪಲಿಲ್ಲ. ಹೋಗುವಾಗ ತಮ್ಮ ಒಂದು ಮಾತು ಹೇಳಿದ: "ನೀವು ಕಾನೂನು ಹೇಳ್ತೀರಿ ಸಾರ್, ನಾವು ವ್ಯವಹಾರ ಹೇಳ್ತಿದೀವಿ."

ಸರಿ, ಮೊದಲು ಕಾನೂನನ್ನೇ ನೋಡೋಣ. ಅದನ್ನು ಓದದೆಯೇ ಎಲ್ಲರೂ ವ್ಯವಹಾರಕ್ಕೆ ಇಳಿಯುತ್ತಿರುವುದರಿಂದ ಹೇಳುತ್ತೇನೆ. ಕೋವಿ ಪರವಾನಗಿಗೆ ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ, ಮತ್ತು ಅದರಡಿ ಬಂದ 2016ರ ನಿಯಮಗಳು. ಕಾಯ್ದೆಯ 13ನೆಯ ಕಲಂನಲ್ಲಿ ಪರವಾನಗಿ ಕೊಡುವ ಬಗೆ ಎರಡು ಮೆಟ್ಟಿಲಾಗಿದೆ. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಪ್ರಾಮಾಣಿಕ ಬೆಳೆ ರಕ್ಷಣೆಗೆ ಕೇಳಿದರೆ, ಅಧಿಕಾರಿ ಪರವಾನಗಿ ಕೊಡತಕ್ಕದ್ದು. ಕೇಪಿನ ಕೋವಿ ಸಾಲದು ಎಂದು ಮನವರಿಕೆಯಾದರೆ ತೋಟಾ ಕೋವಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಮುಂತಾದ ಉಳಿದವುಗಳಿಗೆ ಮಾತ್ರ 'ತಕ್ಕ ಕಾರಣ' ಇದೆಯೇ ಎಂದು ಅಧಿಕಾರಿಗೆ ತೃಪ್ತಿಯಾಗಬೇಕು. ಹುಚ್ಚು ಹಿಡಿದವನಿಗೆ, ಅನರ್ಹನಿಗೆ, ಕೊಟ್ಟರೆ ಸಾರ್ವಜನಿಕ ಶಾಂತಿ ಕೆಡುತ್ತದೆ ಅನಿಸಿದವನಿಗೆ ಕೊಡಬಾರದು ಎಂದು 14ನೆಯ ಕಲಂ ತಡೆ ಹಾಕುತ್ತದೆ.

ಇದರಲ್ಲಿ ನೌಕರಿ ಎಲ್ಲಿದೆ? ಇಡೀ 13ನೆಯ ಕಲಂನಲ್ಲಿ ಗುಮಾಸ್ತನ ಹೆಸರಿಲ್ಲ, ಮೇಷ್ಟ್ರ ಹೆಸರಿಲ್ಲ, ತಹಶೀಲ್ದಾರರ ಹೆಸರೂ ಇಲ್ಲ. ಇರುವುದು ಬೆಳೆ ಕಾಯುವವನ ಕೆಲಸದ ಹೆಸರು. ಕಾಯ್ದೆ ಬರೆದವರು ಯಾರನ್ನು ಮೊದಲ ಸಾಲಿನಲ್ಲಿ ಕೂರಿಸಿದರೋ ಅವನು ಇಂದು ತನ್ನ ತಮ್ಮನ ಬೆನ್ನ ಹಿಂದೆ ನಿಂತು ಅರ್ಜಿ ಹಾಕುತ್ತಿದ್ದಾನೆ.

ಎದುರು ವಾದದವರು ಇಲ್ಲಿ 2016ರ ನಿಯಮ ತೆಗೆಯುತ್ತಾರೆ. ತೆಗೆಯಲಿ. 12ನೆಯ ನಿಯಮದಲ್ಲಿ ವ್ಯಾಪಾರ, ವೃತ್ತಿ, ಉದ್ಯೋಗದ ಮಾತು ಬರುವುದು ನಿಜ. ಆದರೆ ಅದು ಹೇಳುವುದು ಏನು? ತನ್ನ ವ್ಯಾಪಾರ ಅಥವಾ ಉದ್ಯೋಗದ ಸ್ವರೂಪದಿಂದಲೇ ಜೀವ, ಆಸ್ತಿ ಕಾಪಾಡಿಕೊಳ್ಳುವ ನಿಜವಾದ ಅಗತ್ಯ ಯಾರಿಗಿದೆಯೋ ಅವರ ಅರ್ಜಿಯನ್ನು ಪರಿಗಣಿಸಬಹುದು ಎಂದು. ಆ ಸಾಲಿನಲ್ಲಿ ಚಿನ್ನದ ಅಂಗಡಿಯವನೂ ಅಧಿಕಾರಿಯೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಸೈನ್ಯ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆ, ರಾಜ್ಯ ಪೊಲೀಸಿನಲ್ಲಿ ಇರುವವರು ಮತ್ತು ನಿವೃತ್ತರ ಹೆಸರನ್ನು ನಿಯಮ ಪ್ರತ್ಯೇಕವಾಗಿ ಹೇಳುತ್ತದೆ. ಅವರಿಗೂ 'ನಿಜವಾದ ಅಗತ್ಯ' ಎಂಬ ಬಾಲ ಅಂಟಿಸಿಯೇ ಹೇಳುತ್ತದೆ. ಮಾಜಿ ಸೈನಿಕರ ವಿಷಯದಲ್ಲಿ ನನ್ನ ತಕರಾರಿಲ್ಲ. ಕೋವಿ ಬಿಚ್ಚಿ ಜೋಡಿಸಲು ಬರುವ ಕೈ ಅದು, ಸುಮ್ಮನೆ ಬಂದದ್ದಲ್ಲ. ಆದರೆ ಪಂಚಾಯಿತಿಯ ಬಿಲ್ ಕಲೆಕ್ಟರ್ ಆ ಸಾಲಿಗೆ ಹೇಗೆ ನುಸುಳಿದ?

'ಸರ್ಕಾರಿ ಅಧಿಕಾರಿ' ಎಂಬ ಮಾತೇ ನೇರವಾಗಿ ಬರುವ ಜಾಗವೂ ಅದೇ ನಿಯಮದಲ್ಲಿ ಒಂದಿದೆ. ಅದು ನಿಷೇಧಿತ ವರ್ಗದ ಆಯುಧಗಳಿಗೆ ಸೇರಿದ್ದು, ಅವುಗಳ ಪರವಾನಗಿ ನೋಡಿಕೊಳ್ಳುವುದು ಕೇಂದ್ರ ಗೃಹ ಸಚಿವಾಲಯ. ಅಲ್ಲಿ ಕೂಡ ಕುರ್ಚಿ ಇದ್ದರೆ ಸಾಲದು, ಆ ಕುರ್ಚಿಯ ಕರ್ತವ್ಯದಿಂದ ಜೀವಕ್ಕೆ ಅಪಾಯವಿರಬೇಕು. ಉಗ್ರರ ಕೈಯಿಂದ ಅಪಾಯವಿರುವವರ ಜೊತೆಗೆ ಆ ಅಧಿಕಾರಿಯನ್ನು ಹೆಸರಿಸಿದ್ದಾರೆ. ಆನಂದಪುರದ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಮುದ್ರಿಸುವವನಿಗೆ ಅಂಥ ಅಪಾಯ ಬಂದರೆ ಪ್ರಿಂಟರಿನಿಂದಲೇ ಬರಬೇಕು.

ಇನ್ನು ಕರ್ತವ್ಯದ ಕೋವಿಯ ವಿಚಾರ. ಕಾಯ್ದೆಯ 45ನೆಯ ಕಲಂ ಪ್ರಕಾರ ಸಾರ್ವಜನಿಕ ನೌಕರ ತನ್ನ ಕರ್ತವ್ಯ ನಿರ್ವಹಿಸುವಾಗ ಆಯುಧ ಹಿಡಿದರೆ ಅದಕ್ಕೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಠಾಣೆಯ ಪೇದೆ ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ಬಂದೂಕು ಹಿಡಿಯುವುದಿಲ್ಲ. ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಕಳೆಯುವ ಅರಣ್ಯ ರಕ್ಷಕನ ಕೈಗೆ ಇಲಾಖೆ ಕೋವಿ ಕೊಟ್ಟರೆ ಅದು ಇಲಾಖೆಯ ಕೋವಿ, ಬೆಳಗಾದರೆ ಇಲಾಖೆಗೇ ವಾಪಸು. ಅಂದರೆ ನೌಕರಿಯಿಂದ ಅಪಾಯ ಬಂದರೆ ನೌಕರಿಯೇ ಆಯುಧ ಕೊಡುತ್ತದೆ. ಮನೆಯ ಗೋಡೆಗೆ ತೂಗುಹಾಕುವ ಕೋವಿ ಖಾಸಗಿ ಮನುಷ್ಯನದು. ಆ ಅರ್ಜಿ ಹಿಡಿದು ಹೋಗುವಾಗ ನೌಕರ ತನ್ನ ಹುದ್ದೆಯನ್ನು ಕಚೇರಿಯ ಮೊಳೆಗೆ ಸಿಕ್ಕಿಸಿ, ಪಂಚೆ ಉಟ್ಟು ಸಾಮಾನ್ಯ ಪ್ರಜೆಯಾಗಿ ಹೋಗಬೇಕು.

ನಮ್ಮಲ್ಲಿ ಕೆಲವು ಹುಡುಗರಿಗೆ ಕೋವಿಗಿಂತ ಸೊಂಟದ ಪಿಸ್ತೂಲಿನ ಮೇಲೆ ಮೋಹ. ಸಿನಿಮಾದಲ್ಲಿ ಅಂಗಿಯೊಳಗಿಂದ ತೆಗೆಯುತ್ತಾರಲ್ಲ, ಹಾಗೆ. 'ಮುಚ್ಚಿ ಒಯ್ಯುವ ಲೈಸೆನ್ಸು' ಸರ್ಕಾರಿ ಅಧಿಕಾರಿಗಳಿಗೆ ಬೇರೆಯೇ ಇದೆಯಂತೆ ಎಂದು ಒಬ್ಬ ನನ್ನನ್ನು ಕೇಳಿದ್ದ. ಅಂಥ ಬೇರೆ ಕಾಗದ ಈ ದೇಶದಲ್ಲಿಲ್ಲ. ಪರವಾನಗಿ ಇದ್ದವನು ಸಾರ್ವಜನಿಕ ಜಾಗದಲ್ಲಿ ಆಯುಧ ಒಯ್ಯಬೇಕಾದರೆ ಅದನ್ನು ಚೀಲದಲ್ಲೋ ಒರೆಯಲ್ಲೋ ಇಟ್ಟು ಪೂರ್ತಿ ಮುಚ್ಚಿಕೊಂಡೇ ಹೋಗಬೇಕು ಎನ್ನುತ್ತವೆ 2016ರ ನಿಯಮಗಳು. ಝಳಪಿಸುವುದು ನಿಷಿದ್ಧ, ಮದುವೆ ದಿಬ್ಬಣಕ್ಕೆ ತೆಗೆದುಕೊಂಡು ಹೋಗುವುದೂ ನಿಷಿದ್ಧ. ಬೇರೆ ಕಡೆ ಮುಚ್ಚಿಕೊಳ್ಳುವುದು ಒಂದು ವಿಶೇಷ ಹಕ್ಕು, ನಮ್ಮಲ್ಲಿ ಅದು ಎಲ್ಲರ ಕರ್ತವ್ಯ.

ಬೇರೆ ಕಡೆ ಅಂದರೆ ಅಮೆರಿಕ. ಅಲ್ಲಿ ಮಗನನ್ನೋ ಅಳಿಯನನ್ನೋ ನೋಡಿ ಬಂದವರು ಹೇಳುವ ಕಥೆಗಳಿಂದಲೂ ಈ ಭ್ರಮೆಗೆ ಸ್ವಲ್ಪ ಗೊಬ್ಬರ ಬಿದ್ದಿದೆ. ಅಲ್ಲಿ 2004ರ ಒಂದು ಕೇಂದ್ರ ಕಾನೂನು ಸೇವೆಯಲ್ಲಿರುವ ಮತ್ತು ನಿವೃತ್ತ ಪೊಲೀಸರಿಗೆ ಯಾವ ರಾಜ್ಯದಲ್ಲಾದರೂ ಮುಚ್ಚಿದ ಆಯುಧ ಒಯ್ಯಲು ಬಿಡುತ್ತದೆ. ಅದು ಪೊಲೀಸರಿಗೆ, ಅಂಚೆ ಕಚೇರಿಯವರಿಗಲ್ಲ. ನ್ಯೂಯಾರ್ಕ್ ರಾಜ್ಯ 'ವಿಶೇಷ ಕಾರಣ ತೋರಿಸು' ಎಂದು ಕೇಳುತ್ತಿದ್ದುದನ್ನೇ ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ಹೊಡೆದುಹಾಕಿತು. ಆಯುಧ ಅಲ್ಲಿ ಸಂವಿಧಾನದ ಹಕ್ಕು ಎಂಬ ಕಾರಣಕ್ಕೆ. ನಮ್ಮ ಸಂವಿಧಾನದಲ್ಲಿ ಅಂಥ ಹಕ್ಕು ಇಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಪೀಠ, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದ ಪೀಠ, ಪರವಾನಗಿಯಿಲ್ಲದ ಆಯುಧಗಳ ವಿಚಾರ ಕೈಗೆತ್ತಿಕೊಂಡಾಗ ಈ ವ್ಯತ್ಯಾಸವನ್ನೇ ನೆನಪಿಸಿತು. ಹಕ್ಕು ಇರುವ ದೇಶದಲ್ಲೂ ಗುಮಾಸ್ತಿಕೆಗೆ ರಿಯಾಯಿತಿ ಇಲ್ಲ. ಹಕ್ಕೇ ಇಲ್ಲದ ದೇಶದಲ್ಲಿ ನಾವು ರಿಯಾಯಿತಿ ಹುಡುಕುತ್ತಿದ್ದೇವೆ.

ಈಗ ಎದುರು ಪಕ್ಷದ ಗಟ್ಟಿ ಮಾತಿಗೆ ಬರುತ್ತೇನೆ. ನನ್ನ ಜೊತೆ ಕೆಲಸ ಮಾಡಿದ, ನಾನು ಗೌರವಿಸುವ ಒಬ್ಬ ಮೇಷ್ಟ್ರು ಹೀಗೆ ಹೇಳುತ್ತಾರೆ: "ನೌಕರಿಗೆ ಸೇರುವಾಗಲೇ ಪೊಲೀಸರು ನಡತೆ ವಿಚಾರಿಸಿರ್ತಾರೆ. ಅಮಾನತಿನ ಹೆದರಿಕೆ ಇರ್ತದೆ, ಪಿಂಚಣಿ ಆಸೆ ಇರ್ತದೆ. ಕಳೆದುಕೊಳ್ಳೋದು ಏನೂ ಇಲ್ಲದವನಿಗಿಂತ ಇವನ ಕೈಯಲ್ಲಿ ಕೋವಿ ಕ್ಷೇಮ ಅಲ್ವಾ?" ಇದು ಯೋಚನೆ ಮಾಡಿದ ಮನುಷ್ಯನ ವಾದ, ತಳ್ಳಿಹಾಕುವಂಥದ್ದಲ್ಲ. ಆದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ನಡೆದ ವಿಚಾರಣೆ ಐವತ್ತನೆಯ ವಯಸ್ಸಿನ ಕುಡಿತವನ್ನು ನೋಡಿರುವುದಿಲ್ಲ. ಅದಕ್ಕೇ ಕೋವಿಯ ಅರ್ಜಿಗೆ ಹೊಸದಾಗಿ ಪೊಲೀಸ್ ವರದಿ ಬೇಕು, ದೇಹ ಮತ್ತು ಮನಸ್ಸು ನೆಟ್ಟಗಿವೆ ಎಂಬ ವೈದ್ಯರ ಪತ್ರ ಬೇಕು, ಆಯುಧ ಸುರಕ್ಷತೆಯ ತರಬೇತಿ ಬೇಕು. ನೌಕರ ಎಂಬ ಕಾರಣಕ್ಕೆ ಇವುಗಳಲ್ಲಿ ಒಂದಕ್ಕೂ ವಿನಾಯಿತಿ ಇಲ್ಲ. ಇನ್ನು ಹೆದರಿಕೆಯ ಮಾತು. ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿದಾಗ, ಅಮಾನತಿನ ಹೆದರಿಕೆ ಎಲ್ಲರಿಗೂ ಇರುತ್ತದೆ. ಬೇಲಿ ಜಗಳದ ರಾತ್ರಿ ಯಾರೂ ಸೇವಾ ನಿಯಮಾವಳಿ ತೆಗೆದು ಓದುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಆ ಕೊನೆಯ ಮಾತಿನಲ್ಲಿದೆ: 'ಕಳೆದುಕೊಳ್ಳೋದು ಏನೂ ಇಲ್ಲದವನು.' ಯಾರು ಅವನು? ಹುಲ್ಲಿನ ಮಾಳದ ಮೇಲೆ ರಾತ್ರಿಯಿಡೀ ಡಬ್ಬ ಬಡಿಯುತ್ತ ಕೂತವನೇ? ವರ್ಷದ ಅನ್ನವನ್ನೇ ಕಳೆದುಕೊಳ್ಳುತ್ತೇನೆಂದು ಅಲ್ಲವೇ ಅವನು ಕೋವಿ ಕೇಳುತ್ತಿರುವುದು?

ಆಸ್ತಿವಂತನೇ ಜವಾಬ್ದಾರಿಯವನು ಎಂಬ ಈ ಯೋಚನೆಗೆ ವಯಸ್ಸಾಗಿದೆ. ಲಿಟ್ಟನ್ ವೈಸರಾಯ್ ಆಗಿದ್ದಾಗ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಭಾರತೀಯನಿಗೆ ಲೈಸೆನ್ಸು ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ. ಆಮೇಲಿನ ವಿನಾಯಿತಿ ಪಟ್ಟಿಗಳಲ್ಲಿ ರಾಜರು, ಶಾಸನ ಸಭೆಯವರು, ಸರ್ಕಾರ ಕೊಟ್ಟ ಬಿರುದು ಹೊತ್ತವರು. ಕೊಡಗಿನವರ ವಿನಾಯಿತಿ ಅದಕ್ಕೂ ಹಳೆಯದು, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಇಂದಿಗೂ ನಡೆದುಬಂದಿದೆ. ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು 2021ರಲ್ಲಿ ವಜಾ ಮಾಡಿದೆ. ಅದು ಹುಟ್ಟಿಗೆ ಮತ್ತು ಭೂಮಿಗೆ ಅಂಟಿಕೊಂಡ ವಿನಾಯಿತಿ. ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಗಮನಿಸಿ, ಅಲ್ಲಿ ಕೂಡ ನೌಕರಿಯ ಪ್ರಶ್ನೆ ಇಲ್ಲ. ಕಾಫಿ ತೋಟದ ಕೊಡವನಿಗೂ ಜಿಲ್ಲಾ ಖಜಾನೆಯ ಕೊಡವನಿಗೂ ಒಂದೇ ನ್ಯಾಯ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಕೊಳಗದ ಅಳತೆಯಿಂದ ಶುರುವಾದ ಆ ಜಗಳದ ದಿನಗಳಲ್ಲಿ ಕೋವಿ ಎಂಬುದು ಯಾರ ಜಗಲಿಯ ಗೋಡೆಯ ಮೇಲಿತ್ತು, ಯಾರ ಸೂರಿನಡಿ ಇರಲಿಲ್ಲ ಎಂದು ನಮ್ಮ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಟು ವರ್ಷದ ನಂತರ ಸ್ವತಂತ್ರ ಭಾರತ ತನ್ನದೇ ಶಸ್ತ್ರಾಸ್ತ್ರ ಕಾಯ್ದೆ ಮಾಡಿಕೊಂಡಿತು. ಅದರ 14ನೆಯ ಕಲಂನ ಎರಡನೆಯ ಉಪಕಲಂ ನನಗೆ ಬಹಳ ಇಷ್ಟ. ಸಾಕಷ್ಟು ಆಸ್ತಿ ಇಲ್ಲ ಎಂಬ ಕಾರಣ ಮಾತ್ರಕ್ಕೆ ಯಾರಿಗೂ ಪರವಾನಗಿ ನಿರಾಕರಿಸತಕ್ಕದ್ದಲ್ಲ ಎನ್ನುತ್ತದೆ ಅದು. ಒಡೆಯನ ಜಗಲಿಯಿಂದ ಕೋವಿಯನ್ನು ಕೆಳಗಿಳಿಸಿದ ಸಾಲು. ಈಗ ನಾವು ಮಾಡುತ್ತಿರುವುದೇನು? ಆಸ್ತಿ ಹೋದ ಜಾಗದಲ್ಲಿ ಸಂಬಳವನ್ನು ತಂದು ಕೂರಿಸುತ್ತಿದ್ದೇವೆ. ಸರ್ಕಾರಿ ನೌಕರಿ ಈ ಕಾಲದ ರಾವ್ ಬಹದ್ದೂರ್ ಪದವಿ.

ಒಂದು ಸಣ್ಣ ಸಂಗತಿ. ಈ ನಂಬಿಕೆ ಎಲ್ಲಿ ಹುಟ್ಟಿರಬಹುದು ಎಂದು ಯೋಚಿಸುವಾಗ ನನಗೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ಗನ್‌ಮ್ಯಾನ್ ನೆನಪಾಗುತ್ತಾನೆ. ಅವರಲ್ಲಿ ಎಷ್ಟೋ ಜನ ಸ್ವಂತ ಲೈಸೆನ್ಸಿನ ಕೋವಿ ಇದ್ದದ್ದರಿಂದ ಆ ಕೆಲಸಕ್ಕೆ ಸೇರಿದವರು. ಜನ ಅದನ್ನು ತಿರುವಿ ಓದಿದರೇನೋ. ಮಳೆ ಬಂತು, ಕೊಡೆ ಬಿಚ್ಚಿದೆ ಎಂಬುದನ್ನು ಕೊಡೆ ಬಿಚ್ಚಿದ್ದರಿಂದ ಮಳೆ ಬಂತು ಎಂದಂತೆ.

ನಮ್ಮ ಮೂರು ತಾಲ್ಲೂಕುಗಳಿಗೆ ಈ ಎಲ್ಲ ನಿಯಮಗಳಿಗಿಂತ ದೊಡ್ಡ ಬೇಲಿ ಬೇರೆಯೇ ಇದೆ. ಅದನ್ನು ಯಾವ ನೌಕರಿಯೂ ಹಾರಲಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಂ ಪ್ರಕಾರ ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಇರಬೇಕು. ಈಗ ನಕ್ಷೆ ನೋಡಿ. ಹೊಳೆಯಾಚೆಗೆ ಶರಾವತಿ ಕಣಿವೆ ಅಭಯಾರಣ್ಯ. 1972ರಲ್ಲಿ ಘೋಷಣೆಯಾದದ್ದು, 2019ರಲ್ಲಿ ಸಿಂಗಳೀಕದ ಹೆಸರು ಸೇರಿಸಿಕೊಂಡು ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿತು. ಹೊಸನಗರ, ತೀರ್ಥಹಳ್ಳಿಗಳ ಒಂದು ಮಗ್ಗುಲಿಗೆ ಶೆಟ್ಟಿಹಳ್ಳಿ ಅಭಯಾರಣ್ಯ. ಆಗುಂಬೆಯ ಘಟ್ಟದ ಕೆಳಗೆ ಸೋಮೇಶ್ವರ, ಕೊಲ್ಲೂರಿನ ಕಡೆ ಮೂಕಾಂಬಿಕಾ. ಇವುಗಳ ಸುತ್ತ ಹತ್ತು ಹತ್ತು ಕಿಲೋಮೀಟರಿನ ಬಳೆ ಎಳೆದರೆ ಹೊಳೆಯಾಚೆಯ ತುಮರಿಯ ಕಡೆಯವನ ಅರ್ಜಿ ಬೆಂಗಳೂರಿನ ಅರಣ್ಯ ಭವನದ ಮೇಜು ಮುಟ್ಟಿಯೇ ಬರಬೇಕು. ಅಲ್ಲಿ ಕೇಳುವುದು ಅಭಯಾರಣ್ಯ ಎಷ್ಟು ದೂರ, ಕೋವಿ ಯಾತಕ್ಕೆ ಎಂದು. ತಮ್ಮನ ನೌಕರಿಯ ಕೆಜಿಐಡಿ ನಂಬರನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಆದಮೇಲೂ ತಮ್ಮನ ಹೆಸರಿಗೆ ಲೈಸೆನ್ಸು ಬಂದೇಬಿಟ್ಟಿತು ಎಂದುಕೊಳ್ಳಿ. ಆಗ ಕಷ್ಟ ಶುರು. ಕೋವಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಇರುವುದಿಲ್ಲ, ತೋಟದ ಮನೆಯಲ್ಲಿರುತ್ತದೆ. ಹಂದಿ ಬರುವುದು ಶನಿವಾರ ಸಂಜೆಯ ಬಸ್ಸಿಗೆ ತಮ್ಮ ಊರಿಗೆ ಬರುವುದನ್ನು ಕಾದುಕೊಂಡಲ್ಲ. ಮಂಗಳವಾರ ರಾತ್ರಿ ಅಣ್ಣ ಕೋವಿ ಎತ್ತಿಕೊಂಡು ಗದ್ದೆಗೆ ಇಳಿಯುತ್ತಾನೆ. ಆ ಕ್ಷಣದಿಂದ ಅವನು ಪರವಾನಗಿಯಿಲ್ಲದೆ ಆಯುಧ ಹಿಡಿದವನು. ಲೈಸೆನ್ಸುದಾರ ಜೊತೆಯಲ್ಲಿದ್ದಾಗ, ಅಥವಾ ಅವನ ಬರಹದ ಒಪ್ಪಿಗೆ ಹಿಡಿದು ರಿಪೇರಿಗೋ ನವೀಕರಣಕ್ಕೋ ಅವನ ಬಳಕೆಗೋ ಒಯ್ಯುವಾಗ ಮಾತ್ರ ಬೇರೆಯವರು ಅದನ್ನು ಹಿಡಿಯಬಹುದು ಎಂದು 3ನೆಯ ಕಲಂ ಹೇಳುತ್ತದೆ. ಅಣ್ಣ ಗದ್ದೆ ಕಾಯಲು ಒಯ್ದದ್ದು ಇದರಲ್ಲಿ ಯಾವುದು? 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ಕೋವಿಗೆ ಕಡಿಮೆ ಎಂದರೆ ಎರಡು ವರ್ಷ, ಹೆಚ್ಚೆಂದರೆ ಐದು ವರ್ಷ ಸೆರೆ. ಕೋವಿ ಕೊಟ್ಟ ತಮ್ಮನೂ ಪಾರಾಗುವುದಿಲ್ಲ. ಮೇಲಾಗಿ ಅವನು ನೌಕರ. ಎಫ್‌ಐಆರ್ ಆದ ಮೇಲೆ ಇಲಾಖಾ ವಿಚಾರಣೆ ಬೇರೆ. ಯಾವ ನೌಕರಿ ಕೋವಿ ತರುತ್ತದೆ ಎಂದು ನಂಬಿದ್ದರೋ, ಕೋವಿ ಆ ನೌಕರಿಯನ್ನೇ ತೆಗೆದುಕೊಂಡು ಹೋಗುತ್ತದೆ.

ಚುನಾವಣೆ ಬಂದಾಗಿನ ಫಜೀತಿ ಇನ್ನೊಂದು. ನೀತಿಸಂಹಿತೆ ಬಂದ ಕೂಡಲೇ ಕೋವಿ ಠಾಣೆಗೆ ಇಡಿ ಎಂದು ಕರೆ ಬರುತ್ತದೆ. ಯಾರದ್ದು ಇಡಬೇಕು, ಯಾರಿಗೆ ಬಿಡಬೇಕು ಎಂದು ನೋಡಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ, ಬೆಳೆಗಾರ ಅಲ್ಲಿ ವಿನಾಯಿತಿ ಕೇಳಬಹುದು. ಆದರೆ ಕಾಗದದ ಮೇಲೆ ಬೆಳೆಗಾರ ಯಾರು? ಶಿವಮೊಗ್ಗದ ಗುಮಾಸ್ತ. ಅವನೋ ಆ ಹೊತ್ತಿಗೆ ಮತಯಂತ್ರ ಹೊತ್ತುಕೊಂಡು ಚುನಾವಣಾ ಕರ್ತವ್ಯಕ್ಕೆ ಹೊರಟಿರುತ್ತಾನೆ.

ಇಲ್ಲಿಯವರೆಗೆ ನಾನು ನಂಬುವವರನ್ನು ಬೈದೆ. ಈಗ ಆ ನಂಬಿಕೆಗೆ ಯಾಕೆ ಇಷ್ಟು ಗಟ್ಟಿ ಬೇರು ಎಂಬುದನ್ನೂ ಹೇಳದಿದ್ದರೆ ಅನ್ಯಾಯ. ಬೆಳೆ ರಕ್ಷಣೆಗೆ ಕೋವಿ ಕೇಳಿದರೆ ಮೊದಲು ಕೇಳುವುದು ಪಹಣಿ. ಹೊಳೆಯಾಚೆಯ ಎಷ್ಟೋ ಕುಟುಂಬಗಳು ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಊರುಗಳಿಂದ ಎದ್ದು ಬಂದವರು. 1964ರಲ್ಲಿ ಅಣೆಕಟ್ಟು ಮುಗಿಯಿತು. ಅರವತ್ತು ವರ್ಷ ಕಳೆದರೂ ಅವರಲ್ಲಿ ಬಹಳ ಜನರ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯ. ತೋಟ ಕಣ್ಣೆದುರಿಗಿದೆ, ಮಂಗ ಅದನ್ನು ತೋಟವೆಂದೇ ತಿನ್ನುತ್ತದೆ, ಪಹಣಿಯಲ್ಲಿ ಮಾತ್ರ ಅದು ಇಲ್ಲ. ಹೀಗೆ ತನ್ನ ಬಾಗಿಲು ಮುಚ್ಚಿದವನು ತಮ್ಮನ ಬಾಗಿಲು ತಟ್ಟಿದರೆ ಅವನನ್ನು ಬರೀ ಅಜ್ಞಾನಿ ಎನ್ನಲಾರೆ. ಆಸ್ತಿಯಿಲ್ಲ ಎಂದು ನಿರಾಕರಿಸಬೇಡಿ ಎಂದ ಕಾನೂನು, ಪಹಣಿಯಿಲ್ಲ ಎಂದು ಅರ್ಜಿಯನ್ನೇ ತೆಗೆದುಕೊಳ್ಳದ ಮೇಜಿನ ಮುಂದೆ ಮೂಕವಾಗುತ್ತದೆ. ಅಂಥ ಒಂದು ಮೇಜಿನ ಮುಂದೆ ನಾನೇ ನಿಂತಿದ್ದೇನೆ, ಅದೇ ಅಣ್ಣನ ಜೊತೆ. ಮೇಜಿನಾಚೆಯವರು ಕಾಗದ ತಿರುವಿ ಹಾಕುತ್ತ ಕೇಳಿದರು: "ನಿಮ್ಮ ಮನೆಯಲ್ಲಿ ಯಾರೂ ನೌಕರಿಯಲ್ಲಿಲ್ವಾ?"

ಆ ಪ್ರಶ್ನೆಯೇ ನನ್ನ ಮುಖ್ಯ ಎದುರಾಳಿ. ಲಾಂಚಿನ ಹರಟೆಗೆ ಉತ್ತರ ಕೊಡಬಹುದು, ಮೇಜಿನಾಚೆಯ ಹರಟೆ ಆದೇಶವಾಗುತ್ತದೆ. ಅದನ್ನು ಕೇಳಿಸಿಕೊಂಡ ರೈತ ಬಸ್ಸಿನಲ್ಲಿ ಪಕ್ಕದವನಿಗೆ ಹೇಳುತ್ತಾನೆ, ಪಕ್ಕದವನು ತನ್ನ ಅಳಿಯನಿಗೆ ಹೇಳುತ್ತಾನೆ. ಮುಂದಿನ ವರ್ಷದ ಅರ್ಜಿಗಳೆಲ್ಲ ಅಳಿಯಂದಿರ ಹೆಸರಿನಲ್ಲಿ ಬರುತ್ತವೆ. ಆಗ ಕಚೇರಿಯವರು ನೋಡಿ, ಲೈಸೆನ್ಸು ಕೇಳುವವರೆಲ್ಲ ನೌಕರರೇ ಎನ್ನುತ್ತಾರೆ. ರೈತರಿಗೆ ಕೋವಿಯ ಅಗತ್ಯವೇ ಇಲ್ಲವಂತೆ ಎಂಬ ಇನ್ನೊಂದು ನಂಬಿಕೆ ಹುಟ್ಟಲು ಅಷ್ಟು ಸಾಕು.

ಅಣ್ಣನ ಹೆಸರಿನಲ್ಲೇ ಅರ್ಜಿ ಬರೆದೆವು. ಉದ್ಯೋಗ ಎಂಬ ಜಾಗದಲ್ಲಿ 'ಕೃಷಿ' ಎಂದು ಬರೆಯುವಾಗ, ತಮ್ಮನ ನೌಕರಿಯನ್ನೂ ಪಕ್ಕದಲ್ಲಿ ಚಿಕ್ಕದಾಗಿ ಸೇರಿಸೋಣವೇ ಎಂದು ಅವನು ಇನ್ನೊಮ್ಮೆ ಕೇಳಿದ. ಬೇಡ ಅಂದೆ. ಪಹಣಿಯ ಬದಲು ಅರಣ್ಯ ಹಕ್ಕಿಗೆ ಹಾಕಿದ ಅರ್ಜಿಯ ಪ್ರತಿ, ಮನೆ ಕಂದಾಯದ ರಸೀದಿ, ಬೆಳೆ ನಾಶದ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಲಗತ್ತಿಸಿದೆವು. ಕೆಲವು ತಿಂಗಳ ನಂತರ, ಆಗುವುದಿಲ್ಲ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಕೇಳಿದವನಿಗೆ ಅದರ ಸಾರಾಂಶ ಕೊಡಬೇಕು, ಕೊಡದಿರಲು ಸಾರ್ವಜನಿಕ ಹಿತದ ಅಡ್ಡಿ ಇರಬೇಕು ಎಂದು ಅದೇ 14ನೆಯ ಕಲಂ ಹೇಳುತ್ತದೆ. 18ನೆಯ ಕಲಂನಲ್ಲಿ ಮೇಲ್ಮನವಿಯ ದಾರಿಯೂ ಇದೆ, ಆದರೆ ಮೇಲ್ಮನವಿಗೆ ಕಾಗದ ಬೇಕು. ಹಾಗಾಗಿ ಕಾರಣ ಬರೆದು ಕೊಡಿ ಎಂದು ರಿಜಿಸ್ಟರ್ ಅಂಚೆಯಲ್ಲಿ ಎರಡು ಸಲ ಕಳಿಸಿದ್ದೇವೆ. ಮುಟ್ಟಿದ್ದಕ್ಕೆ ಸಹಿಯಾದ ಎರಡು ಚೀಟಿಗಳು ನನ್ನ ಕಪಾಟಿನಲ್ಲಿವೆ. ಮೂರನೆಯದನ್ನು ಬರೆಯಲು ಅವನು ಭಾನುವಾರ ಬರುತ್ತೇನೆ ಎಂದಿದ್ದಾನೆ. ಈಗ ಸೇತುವೆ ಇದೆ, ಕತ್ತಲಾಗುವ ಮುಂಚೆ ಮಾಳ ಹತ್ತಲು ವಾಪಸು ಹೋಗಬಹುದು.